ಸೂಜಿ ಅಕ್ಕನ ಐದು ವಾರ

ನಮ್ಮ ಲ್ಯಾಬಿನಲ್ಲಿ ರಕ್ತ ತೆಗೆಯುವ ಕುರ್ಚಿ ಕಿಟಕಿಯ ಪಕ್ಕದಲ್ಲಿದೆ. ಹದಿನಾರು ವರ್ಷದಿಂದ ಅದರೆದುರಿನ ಸ್ಟೂಲಿನ ಮೇಲೆ ಕೂತು ಊರವರ ತೋಳಿಗೆಲ್ಲ ಸೂಜಿ ಚುಚ್ಚಿದವಳು ಸೂಜಿ ಅಕ್ಕ. ಅವಳಿಗೆ ಬೇರೆ ಹೆಸರಿದೆ, ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅದು ನಮಗೆ ನೆನಪಾಗುತ್ತದೆ. ರಕ್ತನಾಳ ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮೊಣಕೈ ಮಡಿಕೆಯ ಮೇಲೆ ತೋರುಬೆರಳು ಆಡಿಸುತ್ತಾ, ಕಣ್ಣನ್ನು ಕಿಟಕಿಯಾಚೆ ಬಿಟ್ಟು, "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?" ಎಂದು ಕೇಳುವಳು. ಎದುರಿನವರು ಇಲ್ಲ ಅನ್ನುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು.

ನಾನು ಒಳಕೋಣೆಯವನು. ಆ ಟ್ಯೂಬುಗಳನ್ನು ಯಂತ್ರಕ್ಕೆ ಉಣಿಸಿ, ಅದು ಕೊಡುವ ಅಂಕಿಗಳನ್ನು ರಿಪೋರ್ಟಿಗೆ ಇಳಿಸುವುದು ನನ್ನ ಕೆಲಸ. ಅಕ್ಕ ನನ್ನನ್ನು "ಮಿಷನ್" ಎಂದೇ ಕರೆಯುವುದು. ಮನುಷ್ಯರ ಜೊತೆ ನಾನು ಅಷ್ಟಕ್ಕಷ್ಟೆ, ಯಂತ್ರ ಅಂದರೆ ಮಾತ್ರ ಪ್ರಾಣ ಬಿಡುತ್ತೇನೆ ಎಂದು ಅವಳ ದೂರು. ದೂರು ಸುಳ್ಳಲ್ಲ.

ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ನೋಡಲು, ಉತ್ತರ ಮೊದಲೇ ಗೊತ್ತಿರುವ ದ್ರವದ ಬಾಟಲಿಯೊಂದು ಕಂಪನಿಯಿಂದ ಬರುತ್ತದೆ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅದಕ್ಕೇ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಕ್ಕ ತನ್ನ ಎಡತೋಳಿನಿಂದ ತಾನೇ ಒಂದು ಟ್ಯೂಬು ತೆಗೆದುಕೊಡುವಳು, ನಾನು ಅದನ್ನು ಓಡಿಸುವೆ. ಸಕ್ಕರೆಯಿರಲಿ, ಥೈರಾಯ್ಡ್ ಇರಲಿ, ಎಂಟು ವರ್ಷದಲ್ಲಿ ಅವಳ ಅಂಕಿಗಳು ಹೇಳಿಕೊಳ್ಳುವಷ್ಟು ಅತ್ತಿತ್ತ ಆಗಿರಲಿಲ್ಲ. ಟ್ಯೂಬಿನ ಮೇಲೆ ಹೆಸರು ಕೂಡ ಬರೆಯುತ್ತಿರಲಿಲ್ಲ, ‘ಚೆಕ್’ ಎಂದು ಗೀಚಿದರೆ ಮುಗಿಯಿತು. ಅಕ್ಕನ ಅಂಕಿ ಎಂದಿನಂತೆ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ.

ತಾಯಿ ತೀರಿಕೊಂಡ ಮೂರ್ನಾಲ್ಕು ತಿಂಗಳಿಗೆ ಅಕ್ಕ ಬದಲಾಗತೊಡಗಿದಳು. ಮೊದಲು ಕಂಡದ್ದು ಓಡಾಟ. ರೋಗಿ ಇಲ್ಲದಿದ್ದರೆ ಸ್ಟೂಲಿನಲ್ಲಿ ಕೂತು ಪೇಪರ್ ಓದುತ್ತಿದ್ದವಳು ಈಗ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ವರಾಂಡದಲ್ಲಿ ತಿರುಗುವಳು. ಹತ್ತಿಯ ಡಬ್ಬಿಗಳನ್ನು ಜೋಡಿಸುವಳು, ಮತ್ತೆ ಕಲಸಿ ಜೋಡಿಸುವಳು. ನಾವೆಲ್ಲ ಸ್ವೆಟರಿನೊಳಗೆ ಮುದುಡಿದ್ದರೆ ಫ್ಯಾನ್ ಹಾಕುವಳು. ಮಧ್ಯಾಹ್ನದ ಡಬ್ಬಿ ಎರಡಾಯಿತು, ಆದರೂ ಬಟ್ಟೆಗಳೆಲ್ಲ ಸಡಿಲವಾಗಿ ಜೋಲತೊಡಗಿದವು. ಯಾರಾದರೂ ಜೋರಾಗಿ ಬಾಗಿಲು ಹಾಕಿದರೆ ಬೆಚ್ಚಿಬೀಳುವಳು, ಆಮೇಲೆ ಬಾಗಿಲು ಹಾಕಿದವರ ಗ್ರಹಚಾರ ಬಿಡಿಸುವಳು. ನಾನೂ ಸುಮ್ಮನಿರುವ ಪೈಕಿಯಲ್ಲ. "ಮನೆಯ ಸಿಟ್ಟನ್ನ ಇಲ್ಲಿ ತೋರಿಸ್ಬೇಡಿ ಅಕ್ಕ" ಅಂದುಬಿಟ್ಟೆ. ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಆ ವಾರದ ಸೋಮವಾರವೇ ಯಂತ್ರ ತಪ್ಪಿದ್ದು. ಅಂದರೆ, ತಪ್ಪಿತು ಎಂದು ನಾನು ಅಂದುಕೊಂಡದ್ದು. ‘ಚೆಕ್’ ಟ್ಯೂಬಿನ ಥೈರಾಯ್ಡ್ ಅಂಕಿ, ಟಿಎಸ್‌ಎಚ್, ಸದಾ ಎರಡರ ಆಸುಪಾಸು ಬರುವುದು, ಅಂದು ಹೆಚ್ಚುಕಡಿಮೆ ಸೊನ್ನೆ ಬಂತು. ಮತ್ತೆ ಓಡಿಸಿದೆ, ಸೊನ್ನೆ. ದ್ರಾವಣ ಕೆಟ್ಟಿರಬೇಕೆಂದು ಹೊಸ ಡಬ್ಬ ಒಡೆದೆ, ಸೊನ್ನೆ. ಕಂಪನಿಯ ಇಂಜಿನಿಯರನ್ನು ಕರೆಸಿದೆ. ಅವನು ಮೂರು ತಾಸು ಒದ್ದಾಡಿ, "ಮಿಷನ್ ಚೆನ್ನಾಗೇ ಇದೆ ಸಾರ್, ನೀವು ಸುಮ್ನೆ ತಲೆ ಕೆಡಿಸ್ಕೊಂಡಿದ್ದೀರ" ಅಂದ. ನನಗೆ ಮೈಯೆಲ್ಲ ಉರಿಯಿತು. ಎಂಟು ವರ್ಷದಿಂದ ನೋಡುತ್ತಿರುವವನಿಗೆ ನಿನ್ನೆ ಬಂದವನು ಹೇಳಿಕೊಡುವುದೇ ಎಂದು ಅವನನ್ನು ಸಾಗಹಾಕಿದೆ. ಮುಂದಿನ ಸೋಮವಾರ ನನ್ನದೇ ರಕ್ತ ಓಡಿಸಿದೆ. ಅಂಕಿ ಸರಿಯಾಗಿ ಬಂತು. ಅಬ್ಬಾ ಎಂದು ಉಸಿರುಬಿಟ್ಟು, ಅಂದಿನಿಂದ ‘ಚೆಕ್’ ಟ್ಯೂಬಿಗೆ ನನ್ನ ತೋಳನ್ನೇ ಗೊತ್ತುಮಾಡಿಕೊಂಡೆ.

ಇತ್ತ ಅಕ್ಕನ ಕೈ ನಡುಗತೊಡಗಿತ್ತು. ದೊಡ್ಡ ನಡುಕವಲ್ಲ, ಚಾಚಿದ ಬೆರಳುಗಳ ತುದಿಯಲ್ಲಿ ಸಣ್ಣಗೆ, ನಿಲ್ಲದೆ. ಸೂಜಿ ಹಿಡಿಯುವವರಿಗೆ ಅಷ್ಟು ಸಾಕು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಒಬ್ಬರು ಪ್ರತಿ ತಿಂಗಳು ಬರುತ್ತಿದ್ದರು. ಔಷಧಿಗಳಿಂದ ಅವರ ರಕ್ತನಾಳಗಳು ನೂಲಿನಂತಾಗಿದ್ದವು, ಅಕ್ಕನಲ್ಲದೆ ಬೇರೆಯವರಿಗೆ ಅವರು ಕೈ ಕೊಡುತ್ತಿರಲಿಲ್ಲ. ಆ ದಿನ ಅಕ್ಕ ಮೂರು ಸಲ ಚುಚ್ಚಿದಳು, ಮೂರು ಸಲವೂ ತಪ್ಪಿತು. ಮೊಣಕೈಯಲ್ಲಿ ನೀಲಿ ಬಾವು ಎದ್ದಿತು.

"ಪರವಾಗಿಲ್ಲಮ್ಮ, ಇನ್ನೊಂದು ಕೈ ಇದೆಯಲ್ಲ," ಅಂದರು ಮೇಷ್ಟ್ರು.

ಅಕ್ಕ ಸೂಜಿ ಕೆಳಗಿಟ್ಟು ಬಚ್ಚಲುಮನೆಗೆ ಹೋದವಳು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಆಮೇಲೆ ಬಾಯಿದ್ದವರೆಲ್ಲ ಡಾಕ್ಟರಾದರು. ರಿಸೆಪ್ಶನ್ ಹುಡುಗಿ ವಯಸ್ಸಿನ ಕಾಟ ಅಂದಳು. ಗುಡಿಸುವಾಕೆ ತಾಯಿಯ ಕೊರಗು ಅಂದಳು. ಅಕ್ಕನನ್ನು ಕರೆದೊಯ್ಯಲು ಬಂದ ಅವಳ ಗಂಡ, ನಮಗೆಲ್ಲ ಭಾವ, ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿರುವವರು, ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ, "ಮಲಗೋದೇ ಇಲ್ಲಪ್ಪ. ಎದೆ ಡಬಡಬ ಅಂತಿದೆ ಅಂತ ಎದ್ದು ಕೂತ್ಕೋತಾಳೆ. ಕೆಲಸ ಹೋಗತ್ತೆ ಅಂತ ಹೆದರ್ಕೊಂಡಿದ್ದಾಳೆ," ಅಂದರು. ನಿಜಕ್ಕೂ ಹೋಗುವುದರಲ್ಲಿತ್ತು. ಲ್ಯಾಬ್ ನಡೆಸುವ ಡಾಕ್ಟರಮ್ಮ ಅವಳನ್ನು ಕರೆದು, ತಿಂಗಳ ಕೊನೆಯವರೆಗೆ ನೋಡೋಣ, ಕೈ ಹೀಗೇ ಇದ್ದರೆ ರಿಪೋರ್ಟ್ ಕೊಡುವ ಕೌಂಟರಿಗೆ ಕೂರಬೇಕಾಗುತ್ತದೆ ಎಂದಿದ್ದರು. ಕೌಂಟರಿನಲ್ಲಿ ಯಾರು ಬೇಕಾದರೂ ಕೂರಬಹುದು. ಅಕ್ಕನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದಾರೆಂದು ಅವಳು ಹೆದರಿದಷ್ಟೂ ನಡುಕ ಹೆಚ್ಚಿತು, ನಡುಕ ಹೆಚ್ಚಿದಷ್ಟೂ ಹೆದರಿಕೆ.

ತಿಂಗಳು ಮುಗಿಯಲು ಮೂರು ದಿನವಿತ್ತು. ಸೋಮವಾರ ಬೆಳಿಗ್ಗೆ ನಾನು ನನ್ನ ತೋಳಿಗೆ ಪಟ್ಟಿ ಕಟ್ಟಿಕೊಳ್ಳುತ್ತಿರುವಾಗ ಅಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತಳು.

"ನನ್ ರಕ್ತ ಯಾಕೋ ಬೇಡವಾಯ್ತು ನಿನಗೆ? ಕೈ ನಡುಗತ್ತೆ ಅಂತ ನೀನೂ ದೂರ ಇಟ್ಯಾ?"

"ಹಾಗಲ್ಲ ಅಕ್ಕ. ನಿಮ್ ರಕ್ತ ಯಾಕೋ ಮಿಷನ್‌ಗೆ ಒಗ್ತಿಲ್ಲ. ಟಿಎಸ್‌ಎಚ್ ಸೊನ್ನೆ ತೋರಿಸ್ತಿತ್ತು. ನನ್ನದು ಹಾಕಿದ್ರೆ ಸರಿಯಾಗೇ ಓದತ್ತೆ."

ನಾನು ಆಡಿದ ಮಾತು ನನ್ನ ಕಿವಿಗೆ ಆಗ ಬಿತ್ತು. ಪಟ್ಟಿ ಕೈಯಲ್ಲೇ ಉಳಿಯಿತು.

"ಯಾವಾಗ?" ಅಕ್ಕ ಕೇಳಿದಳು.

"ಐದು ವಾರ ಆಯ್ತು."

"ಬೇರೆ ಯಾರದ್ದಾದ್ರೂ ಹಾಗೆ ಬಂದಿದ್ರೆ ಏನ್ ಮಾಡ್ತಿದ್ದೆ?"

"ಅವತ್ತೇ ಫೋನ್ ಮಾಡಿ ಕರೀತಿದ್ದೆ," ಅಂದೆ.

ಹದಿನಾರು ವರ್ಷ ಲ್ಯಾಬಿನಲ್ಲಿದ್ದವಳಿಗೆ ಹೆಚ್ಚು ಬಿಡಿಸಿ ಹೇಳಬೇಕಿರಲಿಲ್ಲ. ಸ್ಟೂಲಿಗೆ ಹೋಗುವ ಬದಲು ರೋಗಿಗಳ ಕುರ್ಚಿಗೆ ಹೋಗಿ ಕೂತು ತೋಳು ಚಾಚಿದಳು. ನಾನು ಒಡ್ಡೊಡ್ಡಾಗಿ ಚುಚ್ಚಿ ರಕ್ತ ತೆಗೆದೆ, ಟ್ಯೂಬಿನ ಮೇಲೆ ಅವಳ ಪೂರ್ತಿ ಹೆಸರು ಬರೆದೆ. ಟಿಎಸ್‌ಎಚ್ ಸೊನ್ನೆ. ಥೈರಾಯ್ಡ್ ಹಾರ್ಮೋನು ಇರಬೇಕಾದ್ದರ ಮೂರು ಪಟ್ಟು.

ಡಾಕ್ಟರಮ್ಮ ರಿಪೋರ್ಟ್ ಓದಿ, ಅಕ್ಕನ ಕತ್ತನ್ನು ಮುಟ್ಟಿ ನೋಡಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಟಿಎಸ್‌ಎಚ್ ಅಂದರೆ ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿಯೊಂದು ಕತ್ತಿನ ಥೈರಾಯ್ಡಿಗೆ ಕಳಿಸುವ ಅಪ್ಪಣೆ. ಥೈರಾಯ್ಡ್ ಅಪ್ಪಣೆಗೆ ಕಾಯದೆ ತಾನಾಗಿಯೇ ಹಾರ್ಮೋನನ್ನು ವಿಪರೀತ ಸುರಿಸತೊಡಗಿದರೆ ಮೇಲಿನ ಗ್ರಂಥಿ ಅಪ್ಪಣೆ ನಿಲ್ಲಿಸುತ್ತದೆ, ಅದಕ್ಕೇ ಸೊನ್ನೆ. ಹಾಗೆ ಸುರಿದದ್ದು ನರಗಳನ್ನೂ ಹೃದಯವನ್ನೂ ಸುಮ್ಮನಿರಲು ಬಿಡುವುದಿಲ್ಲ. ಸಣ್ಣ ಗಾಬರಿಗೂ ಎದೆ ಓಡುತ್ತದೆ, ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ.

"ಅಮ್ಮನ ಕೊರಗಿನಿಂದಲೇ ಹೀಗಾಯ್ತಾ ಮೇಡಂ?" ಅಕ್ಕ ಕೇಳಿದಳು.

"ಹೇಳೋಕಾಗಲ್ಲ. ದೊಡ್ಡ ದುಃಖ ಆದಮೇಲೆ ಕೆಲವರಲ್ಲಿ ಇದು ಶುರುವಾಗೋದುಂಟು. ಮನಸ್ಸಿನದು ಗ್ರಂಥಿಗೆ ತಟ್ಟತ್ತೆ, ಗ್ರಂಥಿದು ಮನಸ್ಸಿಗೆ ತಟ್ಟತ್ತೆ. ಮೊದಲು ಯಾವುದು ಅಂತ ನಿನ್ನ ವಿಷಯದಲ್ಲಿ ನಾನು ಆಣೆ ಮಾಡಿ ಹೇಳಲಾರೆ. ಆದ್ರೆ ನಿನ್ನ ಕೈ ಕೆಟ್ಟಿಲ್ಲ."

ಅಕ್ಕ ಅಳಲಿಲ್ಲ. ಎದ್ದು ಹೋಗಿ ಫ್ಯಾನ್ ಹಾಕಿಕೊಂಡಳು.

ಎರಡು ಮಾತ್ರೆ ಬರೆದುಕೊಟ್ಟರು. ಒಂದು ಗ್ರಂಥಿಯನ್ನು ಹದಕ್ಕೆ ತರುವುದು, ಅದು ಕೆಲಸ ಮಾಡಲು ವಾರಗಟ್ಟಲೆ ಬೇಕು. ಇನ್ನೊಂದು ಎದೆಯ ಓಟಕ್ಕೂ ನಡುಕಕ್ಕೂ ಕಡಿವಾಣ ಹಾಕುವುದು, ಅದರ ಗುಣ ಕೆಲವೇ ದಿನಗಳಲ್ಲಿ ಕಾಣಿಸಿತು. ಆದರೂ ಅಕ್ಕ ತಾನಾಗಿಯೇ ಕೌಂಟರಿನಲ್ಲಿ ಕೂತಳು. ಕೂತಳು ಅನ್ನುವುದೂ ತಪ್ಪು, ಲಕೋಟೆಗಳನ್ನು ಹಿಡಿದು ಅಲ್ಲೇ ಹಿಂದೆ ಮುಂದೆ ಓಡಾಡಿದಳು. ಯಾರೂ ಇಲ್ಲದಾಗ ಬೆರಳು ಚಾಚಿ ಅದರ ಮೇಲೊಂದು ಕಾಗದ ಇಟ್ಟು ಅದುರುತ್ತದೆಯೇ ಎಂದು ನೋಡುವಳು. ಕಾಗದ ಅದುರದಿದ್ದರೂ ಸೂಜಿಯ ತಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಒಳಗಿನಿಂದ ನೋಡುತ್ತಿದ್ದೆ, ನೋಡಲಾಗದೆ ಯಂತ್ರದ ಕಡೆ ತಿರುಗುತ್ತಿದ್ದೆ.

ಮಾತ್ರೆ ಶುರುವಾದ ಏಳನೇ ವಾರ ಡಾಕ್ಟರಮ್ಮ ತಾವೇ ಬಂದು ಕಿಟಕಿಯ ಕುರ್ಚಿಯಲ್ಲಿ ಕೂತು ತೋಳು ಚಾಚಿದರು.

"ಬಾ, ನನ್ನದು ತೆಗಿ. ಸಕ್ಕರೆ ನೋಡ್ಬೇಕು."

"ಬೇಡ ಮೇಡಂ. ಇನ್ನೂ ಸ್ವಲ್ಪ ದಿನ ಹೋಗ್ಲಿ."

"ನಂಗೆ ಹನ್ನೊಂದು ಗಂಟೆಗೆ ಮೀಟಿಂಗ್ ಇದೆ. ಬೇಗ ಬಾ."

ಅಕ್ಕ ಸ್ಟೂಲಿನ ಮೇಲೆ ಕೂತಳು. ಪಟ್ಟಿ ಬಿಗಿದಳು, ಬೆರಳು ಆಡಿಸಿದಳು. ಈ ಸಲ ಕಿಟಕಿಯಾಚೆ ನೋಡಲಿಲ್ಲ, ಏನೂ ಕೇಳಲೂ ಇಲ್ಲ, ಹಣೆಯ ಮೇಲೆ ಬೆವರಿತ್ತು. ಒಂದೇ ಸಲಕ್ಕೆ ಟ್ಯೂಬು ತುಂಬಿತು.

ಡಾಕ್ಟರಮ್ಮ ಹತ್ತಿ ಒತ್ತಿಕೊಂಡು, ನಾಳೆಯಿಂದ ಇಲ್ಲೇ ಕೂತ್ಕೋ ಎಂದು ಹೊರಟುಹೋದರು. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಅಕ್ಕ ಟ್ಯೂಬು ಹಿಡಿದು ನನ್ನ ಹತ್ತಿರ ಬಂದಳು, ಕೊಡಲಿಲ್ಲ.

"ಮಿಷನ್, ಒಂದು ಮಾತು. ಆ ಸೊನ್ನೆ ಬಂದಾಗ ನೀನು ಏನೇನು ನೋಡ್ದೆ?"

"ದ್ರಾವಣ ನೋಡ್ದೆ, ಹೊಸ ಡಬ್ಬ ಒಡೆದೆ, ಇಂಜಿನಿಯರ್‌ನ ಕರೆಸ್ದೆ."

"ಅಷ್ಟೆಲ್ಲ ಮಾಡಿದೋನು ಹೊರಗೆ ಬಂದು ನನ್ ಮುಖ ಒಂದ್ಸಲ ನೋಡ್ಬಹುದಿತ್ತು ಕಣೋ. ಹತ್ತು ಹೆಜ್ಜೆ. ನಾನು ಅಲ್ಲೇ ಓಡಾಡ್ತಾ ಇದ್ದೆ."

ಅವಳು ಟ್ಯೂಬನ್ನು ನನ್ನ ಕೈಗಿಟ್ಟಳು. ಅದು ಇನ್ನೂ ಬೆಚ್ಚಗಿತ್ತು.