ಆಡಲಾರದವಳು ಸ್ಕ್ರೀನ್ ಡೊಂಕು ಅಂದಳಂತೆ

ಅಕ್ಕ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಎಡಗಿವಿಯ ಆಚೆ, ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರ್ ಕಡೆ ನೋಡುತ್ತಾ ಮಾತಾಡುತ್ತಿದ್ದಳು.

ಕೋಪ ಬಂದಿದೆ ಅಂದುಕೊಂಡೆ. ಬರಬೇಕಾದ್ದೇ. ಅವಳ ಬಗ್ಗೆ ಪೇಪರಿನ ಇದೇ ಅಂಕಣದಲ್ಲಿ ಜೋಕ್ ಬರೆದವನು ನಾನು. ಓದಿ ನಕ್ಕವರು ನೀವು. (ನಿಮ್ಮದೇನೂ ತಪ್ಪಿಲ್ಲ. ನಗಲಿ ಅಂತಲೇ ಬರೆದಿದ್ದೆ.)

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಶಿವಮೊಗ್ಗದ ವಿನೋಬನಗರದಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಓದಿದ್ದು ಏಳನೇ ಕ್ಲಾಸು. ಇಲ್ಲಿನ ಕಾಗುಣಿತ ತಿದ್ದುವವರು ಬೇರೆ ಇದ್ದಾರೆ. ಅಟ್ಟದ ಮೇಲೆ, ಹಳೇ ಟ್ರಂಕಿನೊಳಗೆ ಬಿದ್ದಿರುವ ವಿಡಿಯೋ ಗೇಮ್‌ಗಳನ್ನು, ಅದೇ, ಎರಡೂ ಕೈಯಲ್ಲಿ ಹಿಡಿದು ಆಡುವಂಥವನ್ನು, ಜನ ನನಗೆ ತಂದುಕೊಡುತ್ತಾರೆ. ರಿಪೇರಿ ಮಾಡುತ್ತೇನೆ. ಆಡುತ್ತೇನೆ. ಆಮೇಲೆ ಇಲ್ಲಿ ಬರೆದು ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್ ಕೊಡುತ್ತೇನೆ. ಸ್ಕೂಲಿನಲ್ಲಿ ಮಾರ್ಕ್ಸ್ ತೆಗೆಯಲಾಗದವನಿಗೆ ಮಾರ್ಕ್ಸ್ ಕೊಡುವ ಕೆಲಸ ಸಿಕ್ಕರೆ ತಲೆ ನಿಲ್ಲುತ್ತದಾ?

ನಿಲ್ಲಲಿಲ್ಲ. ಅದನ್ನೇ ಹೇಳಲು ಹೊರಟಿದ್ದೇನೆ.

ಆ ಜೋಕ್ ಬಂದ ವಾರ ನಾನು ಬರೆದದ್ದು ಬ್ರಿಕ್ ಗೇಮ್ ಬಗ್ಗೆ. ಎಲ್ಲರಿಗೂ ಗೊತ್ತಿರುವ ಆಟ. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ತಿರುಗಿಸಿ ತಿರುಗಿಸಿ ಸಂದಿಗೆ ಕೂರಿಸಬೇಕು. ಒಂದು ಸಾಲು ತುಂಬಿದರೆ ಆ ಸಾಲು ಮಾಯ. ತುಂಬದಿದ್ದರೆ ಗೋಡೆ ಬೆಳೆದು ನೆತ್ತಿ ಮುಟ್ಟುತ್ತದೆ, ಆಟ ಮುಗಿಯುತ್ತದೆ. ಡಬ್ಬಿಯ ಮೇಲೆ ಸಾವಿರಗಟ್ಟಲೆ ಗೇಮ್ ಇದೆ ಅಂತ ಬರೆದಿರುತ್ತದೆ. ಒಳಗಿರುವುದು ಬೆರಳೆಣಿಕೆಯಷ್ಟು. ಸ್ಪೀಡ್ ಬದಲಾಯಿಸಿ ಅದನ್ನೇ ಮತ್ತೆ ಮತ್ತೆ ಕೊಡುತ್ತಾರೆ. (ಜೀವನದ ಹಾಗೆ ಅಂತ ಬರೆದಿದ್ದೆ. ಅದೂ ನಿಮಗೆ ಇಷ್ಟವಾಗಿತ್ತು.)

ಆ ಬ್ರಿಕ್ ಗೇಮ್ ಅಕ್ಕನದು. ಅಕ್ಕ ಇರುವುದು ಭದ್ರಾವತಿಯಲ್ಲಿ, ಹಳೇ ಕ್ವಾರ್ಟರ್ಸ್ ಸಾಲಿನ ಒಂದು ಮನೆಯಲ್ಲಿ. ಭಾವ ತೀರಿಕೊಂಡ ಮೇಲೆ ಒಬ್ಬಳೇ. ಬ್ಲೌಸ್ ಹೊಲಿಯುತ್ತಾಳೆ. ಒಂದು ಬ್ಲೌಸ್ ಮುಗಿಸಿ ಇನ್ನೊಂದಕ್ಕೆ ಕತ್ತರಿ ಹಾಕುವ ಮುಂಚೆ ಒಂದು ಆಟ. ಟೀ ಕುಡಿಯುವವರು ಟೀ ಕುಡಿಯುವ ಹಾಗೆ. ನಾನು ಇವತ್ತಿಗೂ ಅವಳ ಸ್ಕೋರ್ ಮುಟ್ಟಿಲ್ಲ. ಇದನ್ನು ಈ ಅಂಕಣದಲ್ಲಿ ಒಮ್ಮೆಯೂ ಬರೆದಿಲ್ಲ ಅನ್ನುವುದನ್ನು ಗಮನಿಸಿ.

ಮಳೆಗಾಲ ಶುರುವಾಗುವ ಮುಂಚೆ ಫೋನ್ ಮಾಡಿದ್ದಳು.

“ಸೀನ, ನಡುವಿನ ಸಾಲು ಕಾಣ್ತಿಲ್ಲ ಕಣೋ.”

“ಕಳಿಸು.”

ನಮ್ಮ ಕೆಲಸದಲ್ಲಿ ದಿನಾ ಕೇಳುವ ಮಾತು ಅದು. ಡಿಸ್‌ಪ್ಲೇ ಕಾಣ್ತಿಲ್ಲ, ನಂಬರ್ ಕಾಣ್ತಿಲ್ಲ, ಅರ್ಧ ಸ್ಕ್ರೀನ್ ಕಾಣ್ತಿಲ್ಲ. ಬ್ರಿಕ್ ಗೇಮಿನಲ್ಲಂತೂ ಇದು ನೆಗಡಿಯಷ್ಟೇ ಮಾಮೂಲಿ. ಡಿಸ್‌ಪ್ಲೇಗೂ ಬೋರ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಅದಕ್ಕೆ ಧೂಳು ಕೂತರೆ ಒಂದೆರಡು ಸಾಲು ಮೂಡುವುದೇ ಇಲ್ಲ. ಬಿಚ್ಚಿ ಒರೆಸಿದರೆ ಸರಿ.

ಶಿವಮೊಗ್ಗಕ್ಕೆ ಬರುವ ಯಾರದೋ ಕೈಯಲ್ಲಿ ಕಳಿಸಿದಳು. ಬಿಚ್ಚಿದೆ, ಒರೆಸಿದೆ, ಆಡಿ ನೋಡಿದೆ. ಎಲ್ಲ ಸಾಲೂ ಚೆನ್ನಾಗಿತ್ತು. ವಾಪಸ್ ಕಳಿಸಿದೆ.

ಮತ್ತೆ ಫೋನು. “ಕಾಣ್ತಿಲ್ಲ ಕಣೋ.”

ಸೆಲ್ ಬದಲಾಯಿಸಿದೆ. ಮತ್ತೆ ಕಾಣ್ತಿಲ್ಲ. ಡಿಸ್‌ಪ್ಲೇ ಮೇಲಿನ ತೆಳು ಹಾಳೆ ಹಳದಿಯಾಗಿದೆಯೇನೋ ಅಂತ ಅದನ್ನೂ ಬದಲಾಯಿಸಿದೆ. ಮತ್ತೆ ಕಾಣ್ತಿಲ್ಲ. ನನಗೆ ರೇಗಿತು. ಗಿರಾಕಿಗಳ ಮೇಲೆ ರೇಗುವಂತಿಲ್ಲ, ಅಕ್ಕನ ಮೇಲೆ ರೇಗಬಹುದಲ್ಲ?

“ನಿಂಗೆ ವಯಸ್ಸಾಯ್ತು ಅಕ್ಕ. ಸೋಲೋದಕ್ಕೆ ನೆಪ ಹುಡುಕ್ತಿದ್ದೀಯ.”

“ಗೇಮ್ ಬಿಡು. ಒಂದ್ಸಲ ನೀನೇ ಬಂದು ಹೋಗೋ” ಅಂದಳು.

“ಈ ವಾರ ಅಂಕಣ ಬರೀಬೇಕು” ಅಂದೆ.

ಬರೆದೆ. ಬ್ರಿಕ್ ಗೇಮಿನ ರಿವ್ಯೂ ಬರೆದು, ಕೊನೆಗೆ ಭದ್ರಾವತಿಯ ನನ್ನ ಅಕ್ಕನ ಕಥೆ ಸೇರಿಸಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆಡಲಾರದವಳು ಸ್ಕ್ರೀನ್ ಡೊಂಕು ಅಂದಳಂತೆ ಅಂತ ಮುಗಿಸಿದೆ. ಅಂಗಡಿಗೆ ಬಂದವರೆಲ್ಲ ಆ ಸಾಲನ್ನೇ ಹೇಳಿ ನಕ್ಕರು. ಒಬ್ಬರು ಬೆನ್ನು ತಟ್ಟಿ, “ಏನ್ ಬರೀತೀಯ ಮಾರಾಯ!” ಅಂದರು. ನಾನು ಆ ದಿನವೆಲ್ಲ ಬೀಗುತ್ತಾ ಇದ್ದೆ.

ಆಮೇಲೆ ಭದ್ರಾವತಿಯಿಂದ ಫೋನ್ ಬರುವುದು ನಿಂತಿತು. ಗೇಮೂ ಬರಲಿಲ್ಲ.

ಸಮಾಧಾನ ಮಾಡೋಣ ಅಂತ ಹೋದವಾರ ಹೊರಟೆ. ಇನ್ಯಾವುದೋ ಕೆಟ್ಟ ಗೇಮಿನಿಂದ ಒಳ್ಳೆಯ ಡಿಸ್‌ಪ್ಲೇ ಬಿಚ್ಚಿಟ್ಟುಕೊಂಡಿದ್ದೆ. ಜೊತೆಗೆ ಅರ್ಧ ಕೆಜಿ ಮೈಸೂರು ಪಾಕ್. ಎರಡು ಊರಿನ ನಡುವೆ ಬಸ್ಸಿನಲ್ಲಿ ಒಂದು ನಿದ್ದೆ ಮಾಡುವಷ್ಟೂ ದೂರವಿಲ್ಲ. ಆ ದೂರ ಕ್ರಮಿಸಲು ನನಗೆ ಇಡೀ ಮಳೆಗಾಲ ಬೇಕಾಯಿತು.

ಬಾಗಿಲಲ್ಲಿ ಪಕ್ಕದ ಮನೆಯ ಸೆಲ್ವಿಯಕ್ಕ ಕೂತು ಸೂಜಿಗಳಿಗೆ ದಾರ ಪೋಣಿಸುತ್ತಿದ್ದರು. ಒಂದಲ್ಲ, ಹತ್ತಾರು ಸೂಜಿ. ಪೋಣಿಸಿ ಪೋಣಿಸಿ ಸಾಲಾಗಿ ದಿಂಬಿಗೆ ಚುಚ್ಚುತ್ತಿದ್ದರು.

“ಬಾ ತಂಬಿ. ಈಗ ದಾರಿ ಗೊತ್ತಾಯ್ತಾ?” ಅಂದರು.

“ಇಷ್ಟೊಂದು ಸೂಜಿ ಯಾಕೆ?”

“ಗಿರಿಜಕ್ಕಂಗೆ. ದಿನಾ ಬೆಳಿಗ್ಗೆ ಹಾಕ್ಕೊಡ್ತೀನಿ. ಸಂಜೆವರೆಗೂ ಆಗ್ಬೇಕಲ್ಲ?”

ಇಷ್ಟು ಕೇಳಿದ ಮೇಲೂ ನನಗೆ ಹೊಳೆಯಲಿಲ್ಲ. ಏಳನೇ ಕ್ಲಾಸಿನ ಬುದ್ಧಿ ಅನ್ನಬೇಡಿ. ಇದಕ್ಕೆ ಓದು ಬೇಕಾಗಿರಲಿಲ್ಲ.

ಒಳಗೆ ಅಕ್ಕ ಮುಖ ತಿರುಗಿಸಿಕೊಂಡು ಕೂತಿದ್ದಳು. ಹೇಗಿದ್ದೀಯ ಅಂದೆ. ಕ್ಯಾಲೆಂಡರ್ ನೋಡುತ್ತಾ, “ಇದ್ದೀನಿ” ಅಂದಳು. ನಾನು ಮೈಸೂರು ಪಾಕ್ ಪೊಟ್ಟಣ ಚಾಚಿದೆ.

“ಶುಗರ್ ಇದೆ ಅಂತ ಗೊತ್ತಿಲ್ವಾ ನಿಂಗೆ? ಕೊಲ್ಲೋಕೆ ಬಂದ್ಯಾ?”

ಗೊತ್ತಿತ್ತು. ಮರೆತಿದ್ದೆ. ನಾಚಿಕೆಯಾಗಿ, ನನಗೆ ಬರುವ ಕೆಲಸ ಮಾಡಿದೆ. ಗೇಮ್ ಎಲ್ಲಿ ಅಂತ ಕೇಳಿ, ಕಿಟಕಿಯ ಹತ್ತಿರ ಕೂತು, ಬಿಚ್ಚಿ ಹೊಸ ಡಿಸ್‌ಪ್ಲೇ ಕೂರಿಸಿದೆ. ಆನ್ ಮಾಡಿದೆ. ಒಂದೊಂದು ಇಟ್ಟಿಗೆಯೂ ಕಪ್ಪಗೆ, ಹೊಚ್ಚ ಹೊಸದರ ಹಾಗೆ ಮೂಡಿತು. ಅವಳ ಕೈಗೆ ಕೊಟ್ಟು, ಗೆದ್ದವನ ಹಾಗೆ ಕೇಳಿದೆ.

“ಈಗ?”

ಅವಳು ಗೇಮನ್ನು ಮುಖದ ಹತ್ತಿರ ತಂದಳು. ಕತ್ತು ಪಕ್ಕಕ್ಕೆ ತಿರುಗಿಸಿದಳು, ಕೋಳಿ ಕಾಳು ನೋಡುವ ಹಾಗೆ. ಇನ್ನೊಂದು ಕಡೆಗೂ ತಿರುಗಿಸಿದಳು.

“ಕಾಣ್ತಿಲ್ಲ.”

“ನಂಗೆ ಕಾಣ್ತಿದೆಯಲ್ಲ ಅಕ್ಕ!” ಕೂಗಿಯೇಬಿಟ್ಟೆ.

“ನಿಂಗೆ ಕಾಣ್ತದೆ ಮಾರಾಯ” ಅಂದಳು. “ನಂಗೆ ಕಾಣ್ತಿಲ್ಲ.”

ನಂಗೆ. ಇಷ್ಟು ತಿಂಗಳಲ್ಲಿ ಆ ಒಂದು ಪದ ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ‘ಕಾಣ್ತಿಲ್ಲ’ ಅಂದರೆ ಸಾಕು, ಮಾತು ಪೂರ್ತಿಯಾಗುತ್ತದೆ. ಯಾವುದು, ಯಾರಿಗೆ ಅನ್ನುವುದನ್ನು ಕೇಳುವವನು ತನಗೆ ಬೇಕಾದ ಹಾಗೆ ತುಂಬಿಕೊಳ್ಳುತ್ತಾನೆ. ನಾನು ರಿಪೇರಿಯವನು. ಗೇಮ್ ಅಂತ ತುಂಬಿಕೊಂಡೆ.

ಹೊರಗೆ ಸೆಲ್ವಿಯಕ್ಕ ಸೂಜಿ ಪೋಣಿಸುವುದನ್ನು ನಿಲ್ಲಿಸಿದ್ದರು.

“ನನ್ನ ಮುಖ ಕಾಣುತ್ತಾ?” ಅಂತ ಕೇಳಿದೆ.

“ನೇರ ನೋಡಿದ್ರೆ ನಡುವೆ ಮಸಿ ಮೆತ್ತಿದ ಹಾಗೆ. ಪಕ್ಕಕ್ಕೆ ನೋಡಿದ್ರೆ ನಿನ್ ಕಿವಿ ಕಾಣ್ತದೆ.” ಸ್ವಲ್ಪ ನಕ್ಕಳು. “ಅದೂ ಕೆಲಸಕ್ಕೆ ಬಾರದ್ದು.”

ಅವಳು ಮುಖ ತಿರುಗಿಸಿದ್ದು ಕೋಪಕ್ಕಲ್ಲ. ನನ್ನನ್ನು ನೋಡುವುದಕ್ಕೆ.

“ಬಾಯಿ ಬಿಟ್ಟು ಹೇಳಬಾರದಿತ್ತಾ ಅಕ್ಕ?”

“ಯಾರ ಹತ್ರ ಹೇಳ್ಲಿ? ಬೀದಿಗೆ ಗೊತ್ತಾದ್ರೆ ಬ್ಲೌಸ್ ಕೊಡೋರು ಬೇರೆ ಕಡೆ ಹೋಗ್ತಾರೆ. ಮೊದಮೊದಲು ನಂಗೂ ಗೇಮೇ ಕೆಟ್ಟಿದೆ ಅನ್ನಿಸ್ತು. ಆಮೇಲೆ ಹೊಲಿಗೇನೂ ನಡುವೆ ಮಾಯ ಆಗೋಕೆ ಶುರುವಾಯ್ತು. ನಿಂಗೆ ಹೇಳೋಣ ಅಂತ ಬಾ ಅಂದೆ. ನೀನು ಬರಲಿಲ್ಲ, ಪೇಪರ್ ಬಂತು.”

“ಓದಿದ್ಯಾ?”

“ಓದೋಕೆ ಎಲ್ಲಾಗ್ತದೆ? ಬ್ಲೌಸ್ ತಗೊಳ್ಳೋಕೆ ಬಂದ ಟೀಚರ್ ಓದಿ ಹೇಳಿದ್ರು. ಅವರೂ ನಕ್ರು. ನಾನೂ ನಕ್ಕೆ. ನಗದೇ ಇದ್ರೆ ಯಾಕೆ ಅಂತ ಕೇಳ್ತಾರಲ್ಲ.”

ಮಾರನೇ ದಿನ ಶಿವಮೊಗ್ಗದಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ತಾಳ್ಮೆಯವರು. ದೊಡ್ಡ ಕಂಪ್ಯೂಟರ್ ಸ್ಕ್ರೀನಿನಲ್ಲಿ ಕಣ್ಣಿನ ಒಳಗಿನ ಚಿತ್ರ ತೋರಿಸಿದರು. ಶುಗರಿನಿಂದ ಕಣ್ಣಿನ ಪರದೆಯ ನಡುಭಾಗ ಹಾಳಾಗಿದೆ, ಬಲಗಣ್ಣಿನಲ್ಲಿ ಜಾಸ್ತಿ, ಎಡಗಣ್ಣಿನಲ್ಲಿ ಶುರುವಾಗಿದೆ ಅಂದರು.

“ಆ ಪರದೆ ಬದಲಾಯಿಸೋಕೆ ಆಗಲ್ವಾ ಮೇಡಂ?” ಅಂತ ಕೇಳಿದೆ. ಬೇರೇನು ಕೇಳಬೇಕು ಅಂತ ನನಗೆ ಗೊತ್ತಿರಲಿಲ್ಲ.

ಅವರು ನಗಲಿಲ್ಲ. “ಅದು ಸಿಗೋದಿಲ್ಲಪ್ಪ. ಇಂಜೆಕ್ಷನ್ ಕೊಡ್ತಾ ಹೋಗೋಣ. ಎಡಗಣ್ಣು ಉಳಿಸ್ಕೊಳ್ಳೋಕೆ ನೋಡೋಣ. ಬಲಗಣ್ಣಿಗೆ ಮುಂಚೆಯೇ ಬಂದಿದ್ರೆ ಚೆನ್ನಾಗಿತ್ತು.”

ಮುಂಚೆ ಅಂದರೆ ಯಾವಾಗ ಅಂತ ನಾನು ಕೇಳಲಿಲ್ಲ. ರಬ್ಬರ್ ಪಟ್ಟಿ ಒರೆಸಿದಾಗಲಾ, ಸೆಲ್ ಬದಲಾಯಿಸಿದಾಗಲಾ, ಅಂಕಣ ಬರೆಯುವಾಗಲಾ? ಉತ್ತರ ಸಿಕ್ಕಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡುತ್ತಿದ್ದೆ?

ಸದ್ಯಕ್ಕೆ ಅಕ್ಕ ನನ್ನ ಮನೆಯಲ್ಲಿದ್ದಾಳೆ. ಇಂಜೆಕ್ಷನ್ ಶುರುವಾಗಿದೆ. ಎಡಗಣ್ಣು ಏನಾಗುತ್ತದೋ ಇನ್ನೂ ಗೊತ್ತಿಲ್ಲ. ಇದನ್ನು ಬರೆಯಲಾ ಅಂತ ಕೇಳಿದೆ.

“ಬರಿ. ಎಲ್ಲರಿಗೂ ಗೊತ್ತಾಗ್ಲಿ ಬಿಡು, ಎಷ್ಟು ದಿನ ಮುಚ್ಚಿಡ್ಲಿ? ಆದ್ರೆ ಗಿರಿಜ ಅಂಗಡಿ ಮುಚ್ಚಿದ್ಲು ಅಂತ ಮಾತ್ರ ಬರೀಬೇಡ. ಕತ್ತರಿಸೋದು ಕೈಗೆ ಗೊತ್ತು. ಊರಿಗೆ ಹೋದ್ಮೇಲೆ ಹುಕ್ಸು, ಕೈಹೊಲಿಗೆ ಸೆಲ್ವಿ ಮಾಡ್ತಾಳೆ.”

ಬರೆದಿದ್ದೇನೆ. ಮುಚ್ಚಿಲ್ಲ.

ಗೇಮ್ ಇನ್ನೂ ಅವಳ ಹತ್ತಿರವೇ ಇದೆ. ನಿನ್ನೆ ಅಂಗಡಿಯಲ್ಲಿ ನನ್ನ ಪಕ್ಕ ಕೂತು, ಕತ್ತು ಓರೆ ಮಾಡಿಕೊಂಡು ಆಡುತ್ತಿದ್ದಳು. ಇಟ್ಟಿಗೆಗಳು ತಪ್ಪು ಜಾಗದಲ್ಲಿ ಕೂತು ಗೋಡೆ ಬೇಗ ಮೇಲೇರಿತು. ಸೋತಾಗ ಬರುವ ಆ ಕರ್ಕಶ ಟ್ಯೂನ್ ಬಂತು. ನನ್ನ ಕಡೆ, ಅಂದರೆ ನನ್ನ ಕಿವಿಯ ಕಡೆ ತಿರುಗಿ, “ಸ್ಕ್ರೀನ್ ಡೊಂಕು ಕಣೋ” ಅಂದಳು.

ಗಿರಾಕಿಗಳು ನಕ್ಕರು. ನನಗೆ ನಗು ಬರಲಿಲ್ಲ.

ಈ ವಾರ ಯಾವ ಗೇಮಿಗೂ ಮಾರ್ಕ್ಸ್ ಇಲ್ಲ. ಮಾರ್ಕ್ಸ್ ಕೊಡುವವನೇ ಫೇಲಾಗಿದ್ದಾನೆ. ನನ್ನ ತಲೆಯಲ್ಲಿರುವುದು ಆ ಹಳೇ ಗಾದೆಯೊಂದೇ. ತಲೆತಲಾಂತರದಿಂದ ಹೇಳಿಕೊಂಡು ನಗುತ್ತಿದ್ದೇವಲ್ಲ, ಆ ಕುಣಿಯಲಾರದ ಹೆಂಗಸಿನ ಕಾಲಿಗೆ ಏನಾಗಿತ್ತು ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದ್ದೇವಾ?