ಬಿಟ್ಟುಬಿಡು ಎಂದಿದ್ದ ಪಾಠ

ಸಲಹೆ ಕೊಡುವುದು ನನ್ನ ಚಟ. ಕೇಳಿದವರಿಗೆ ಒಂದಾದರೆ ಕೇಳದವರಿಗೆ ಎರಡು. ಹಳೆಯ ಬಾಗಿಲು, ಕಿಟಕಿ, ಹೊಸ್ತಿಲುಗಳನ್ನು ಚೌಕಾಸಿ ಮಾಡಿ ಕೊಂಡು ಮಾರಿಯೇ ತುಮಕೂರಿನಲ್ಲಿ ನೆಲೆಯೂರಿದವನು ನಾನು. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಆ ಧೈರ್ಯದಲ್ಲೇ ಹೆಂಡತಿ ಗಿರಿಜೆಗೂ ಹೇಳಿದ್ದೆ. ಆಗಿನ್ನೂ ತೊಂಬತ್ತರ ದಶಕ. ಅವಳು ದಿನಾ ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ ಹುಲಿಯೂರುದುರ್ಗದ ಶಾಲೆಗೆ ಪಾಠ ಹೇಳಲು ಹೋಗಿಬಂದು ಹೈರಾಣಾಗಿದ್ದಳು. ಇಲ್ಲೇ ತುಮಕೂರಿನ ಸದಾಶಿವನಗರದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ, ಶಾಲೆಯೊಂದಕ್ಕೆ ಫ್ರೆಂಚ್ ಕಲಿಸುವವರು ಬೇಕಿತ್ತು. ಅಂಚೆಯಲ್ಲಿ ಓದುತ್ತಿದ್ದ ಫ್ರೆಂಚ್ ಎಂ.ಎ. ಮುಗಿದರೆ ಕೆಲಸ ಅವಳದೇ. ಉಳಿದಿದ್ದು ಒಂದೇ ಪೇಪರು. ಅದರಲ್ಲೊಂದು ದಪ್ಪ ಪಾಠ, ಕ್ರಿಯಾಪದಗಳ ಚರಿತ್ರೆ.

"ಇಷ್ಟ್ ಹಳೇ ಮಾಲು ಯಾವನ್ ಕೇಳ್ತಾನೆ? ಬುಡು ಅತ್ಲಾಗೆ" ಎಂದೆ. ಹಳೇ ಮಾಲನ್ನೇ ನಂಬಿ ಉಣ್ಣುವವನು ಹಾಗನ್ನಬಾರದಿತ್ತು. ಅವಳು ಬಿಟ್ಟಳು. ಪರೀಕ್ಷೆಗೆ ಅದೇ ಬಂತು. ಫೇಲಾದಳು.

ಶಾಲೆಯವರು ಇನ್ನೊಂದೇ ವರ್ಷ ಕಾಯುತ್ತೇವೆಂದರು. ಗಿರಿಜೆ ಬೈಯಲಿಲ್ಲ, ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. "ನಾನ್ ಒಪ್ಪಿಸ್ತೀನಿ, ನೀವ್ ನೋಡ್ಕೊಳ್ಳಿ. ತೂಕಡಿಸಿದ್ರೆ ಮತ್ತೆ ಮೊದಲಿಂದ."

ವರ್ಷವಿಡೀ, ಅವಳ ಬಸ್ಸಿಗೆ ಮುಂಚೆ, ಆಕಳಿಸುತ್ತ ಕೇಳಿದೆ. ಲ್ಯಾಟಿನ್ನಿನಲ್ಲಿ 'ಹಾಡುವೆನು' ಎನ್ನಲು 'ಕಾಂತಾಬೋ' ಎಂಬ ಒಂದೇ ಪದವಿತ್ತಂತೆ. ಜನ ಅದನ್ನು ಕೈಬಿಟ್ಟು 'ಕಾಂತಾರೆ ಹಾಬೆಯೋ' ಎಂದು ಎರಡು ಪದ ಹೂಡಿದರು: ಹಾಡುವುದು ನನಗಿದೆ. ಅವೆರಡೂ ನಾಲಿಗೆಯ ಮೇಲೆ ಸವೆದು, ಒಂದಕ್ಕೊಂದು ಅಂಟಿ, ಫ್ರೆಂಚಿನಲ್ಲಿ 'ಶಾಂತ್ರೆ' ಎಂಬ ಒಂದೇ ಪದವಾದವು. ಈಗ ಅದಕ್ಕೂ ಸುಸ್ತು. ಮಾತಿನಲ್ಲಿ 'ಹಾಡಲು ಹೋಗುತ್ತೇನೆ' ಎನ್ನುವವರೇ ಹೆಚ್ಚಂತೆ. ನನಗೆ ಗುಬ್ಬಿಯ ಅಜ್ಜಿಮನೆಯ ಹೊಸ್ತಿಲು ನೆನಪಾಯಿತು. ತುಳಿದು ತುಳಿದು ನಡುವೆ ತಗ್ಗಾಗಿತ್ತು. ಗಿರಿಜೆಯ ದನಿಯೂ ಬಸ್ಸುಗಳಲ್ಲಿ ಹಾಗೇ ಸವೆದಿರುವುದು ಆಗ ಕಿವಿಗೆ ಬಿತ್ತು.

ಪರೀಕ್ಷೆಯ ದಿನ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಹೊರಬಂದವಳನ್ನು ಕೇಳಿದೆ, "ಆ ಪಾಠ ಬಂತೇನೇ?"

"ಒಂದ್ ಪ್ರಶ್ನೆನೂ ಇಲ್ಲ ಕಣ್ರೀ!"

ಬಿಟ್ಟಿದ್ದರೂ ನಡೆಯುತ್ತಿತ್ತು ಎಂಬ ಮಾತು ಬಾಯಿಗೆ ಬಂದಿತ್ತು. ಜೀವಮಾನದಲ್ಲಿ ಮೊದಲ ಬಾರಿಗೆ ನುಂಗಿದೆ.

ಪಾಸಾದಳು. ಈಗ ನಡೆದೇ ಶಾಲೆಗೆ ಹೋಗುತ್ತಾಳೆ. ಪಾಠ ಮಾತ್ರ ನನ್ನಲ್ಲೇ ಉಳಿಯಿತು. ಮೊನ್ನೆ ಗಿರಾಕಿಯೊಬ್ಬ ಹೊಸ್ತಿಲು ಸವೆದಿದೆ, ಬೆಲೆ ಇಳಿಸಿಕೊಡಿ ಎಂದ. ನಾನು ಲ್ಯಾಟಿನ್ನಿನಿಂದ ಶುರುಮಾಡಿದೆ. ಫ್ರೆಂಚಿಗೆ ಬರುವಷ್ಟರಲ್ಲಿ ನನ್ನ ಬೆಲೆಗೇ ಒಪ್ಪಿ ಓಡಿದ.

ಸಂಜೆ ನಾಲ್ಕಕ್ಕೇ ಮನೆಯಲ್ಲಿದ್ದ ಗಿರಿಜೆಗೆ ಬೀಗುತ್ತ ಹೇಳಿದೆ.

"ಪೂರ್ತಿ ಹೇಳಿದ್ರಾ?" ಎಂದಳು, ಕಾಫಿ ಬಗ್ಗಿಸುತ್ತ. "ಇಲ್ಲಾ ನಡುವೆ ಏನಾದ್ರೂ ಬುಟ್ರಾ?"