ಕೋಡಿಯಿಂದ ದೇವರನ್ನು ಎತ್ತಿದವನು

ಮಾಳಪ್ಪ ನಮ್ಮ ಕಚೇರಿಗೆ ಬಂದನೆಂದರೆ ಮೊದಲು ಕೇಳಿಸುತ್ತಿದ್ದುದು ಮೇಜಿನ ಮೇಲೆ ಬಾಟಲಿ ಕುಟ್ಟಿದ ಸದ್ದು. ಔಷಧಿಯ ಹಳೆಯ ಬಾಟಲಿ, ಅದರ ತುಂಬ ನೀರು. ಹೆಗಲ ಮೇಲೆ ಕಂಬಳಿ, ಮೊಣಕಾಲಿನವರೆಗೆ ಕೆಸರು.

“ನೋಡ್ರಿ ಸಾಹೇಬ್ರ. ಹ್ವಾದ ವಾರ ತಿಳಿ ಇದ್ವು, ಈಗ ಕೆಂಪಗ ಬರಾಕತ್ತಾವ. ನೀರು ಒಳಗಿಂದ ಕಟ್ಟಿ ಏರೀನ ತಿನ್ನಾಕತ್ತಾವ, ನೀವಿಲ್ಲಿ ಚಾ ಕುಡಿಯಾಕತ್ತೀರಿ.”

ಎಪ್ಪತ್ತರ ದಶಕದ ಮಾತು. ನಾನಾಗ ಹುಮನಾಬಾದಿನ ನೀರಾವರಿ ಕಚೇರಿಯಲ್ಲಿ ಓವರ್‌ಸಿಯರ್. ಮಾಣಿಕನಗರದಲ್ಲಿ ತೆಂಗಿನಕಾಯಿ ಮಾರುವವರ ಮಗ. ನೌಕರಿ ಸಿಕ್ಕಿದ್ದೇ ಪುಣ್ಯವೆಂದು ತಲೆ ತಗ್ಗಿಸಿ ಕೂತಿದ್ದೆ. ಮಾಳಪ್ಪ ಕೊಹಿನೂರಿನ ಕಡೆಯ ಕುರಿಗಾರ. ಅವನದೂ ಅವನ ಅಣ್ಣತಮ್ಮಂದಿರದೂ ಸೇರಿ ಹತ್ತು ಹನ್ನೆರಡು ಮನೆಗಳ ಹಟ್ಟಿ ಒಬ್ಬ ಸಾಹುಕಾರರ ಸ್ವಂತ ಕಟ್ಟೆಯ ಕೆಳಗಿತ್ತು. ಕಟ್ಟೆಯೆಂದರೆ ಹಳ್ಳಕ್ಕೆ ಅಡ್ಡ ಹಾಕಿದ ಮಣ್ಣಿನ ಏರಿ. ಹೆಚ್ಚಾದ ನೀರು ಹರಿದುಹೋಗಲು ಒಂದು ಬದಿಗೆ ಕಲ್ಲಿನ ಕೋಡಿ. ಏರಿಯ ಬುಡದಲ್ಲಿ ಜಿನುಗುವ ನೀರನ್ನು ಮಾಳಪ್ಪ ದಿನಾ ಬೆಳಿಗ್ಗೆ ಬೊಗಸೆಯಲ್ಲಿ ಹಿಡಿದು ಬಿಸಿಲಿಗೆ ನೋಡುತ್ತಿದ್ದ. ಜಿನುಗು ಕೆಂಪಾದರೆ ಏರಿಯ ಮಣ್ಣು ಒಳಗೊಳಗೇ ಕೊಚ್ಚಿಹೋಗುತ್ತಿದೆ ಎಂದು ನಾನು ಪುಸ್ತಕದಲ್ಲಿ ಓದಿದ್ದನ್ನು ಅವನು ಅಲ್ಲೇ ಕಲಿತಿದ್ದ.

ನಮ್ಮ ದೊಡ್ಡ ಸಾಹೇಬರದು ಒಂದೇ ಉತ್ತರ. ಅದು ಖಾಸಗಿ ಕಟ್ಟೆ, ನಮ್ಮ ಕೆರೆಕಟ್ಟೆಗಳ ಯಾದಿಯಲ್ಲಿ ಅದರ ಹೆಸರಿಲ್ಲ. ಬಸವಕಲ್ಯಾಣದ ತಹಸೀಲು ಕಚೇರಿಯವರು, ನೀರಿನ ಮಾತಾದರೆ ನೀರಿನವರ ಹತ್ತಿರ ಹೋಗು ಎಂದು ಹಿಂದಕ್ಕೆ ಅಟ್ಟುತ್ತಿದ್ದರು. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ಅಲೆದು ಅವನ ಚಪ್ಪಲಿ ಸವೆದವು.

“ಕಟ್ಟಿ ಸಾಹುಕಾರಂದು, ಖರೆ. ಒಡದ್ರ ಬರೂ ನೀರು ಯಾರವರಿ? ಅವೇನು ಯಾದಿ ನೋಡಿ ಬರ್ತಾವ?” ಎಂದು ಒಮ್ಮೆ ದೊಡ್ಡ ಸಾಹೇಬರನ್ನೇ ಕೇಳಿದ. ಸಾಹೇಬರು ಕನ್ನಡಕ ಒರೆಸಿಕೊಂಡರು.

ಅವನ ಕಾಟ ತಾಳದೆ ಕೊನೆಗೊಂದು ದಿನ ತಪಾಸಣೆಗೆ ಹೊರಟೆವು. ಹೊರಡುವ ಮೊದಲೇ ಸಾಹುಕಾರರಿಗೆ ಸುದ್ದಿ ಮುಟ್ಟಿತ್ತು. ನಾವು ಹೋಗುವಷ್ಟರಲ್ಲಿ ಏರಿಯ ಬುಡಕ್ಕೆ ಹೊಸ ಮುರುಮು ಮಣ್ಣು ಹಾಕಿ ಜಿನುಗನ್ನು ಮುಚ್ಚಿದ್ದರು. ಮಾವಿನ ಗಿಡದ ಕೆಳಗೆ ಹೋಳಿಗೆ, ತುಪ್ಪ. ಸಾಹೇಬರು ಹೊರಸಿನ ಮೇಲೆ ಕೂತಲ್ಲಿಂದಲೇ ಏರಿಯನ್ನು ನೋಡಿ ‘ಸುಸ್ಥಿತಿಯಲ್ಲಿದೆ’ ಎಂದು ಬರೆಸಿದರು. ಬರೆದವನು ನಾನು. ಹೋಳಿಗೆಯನ್ನೂ ತಿಂದೆ. 

ಆಮೇಲೆ ಸಾಹುಕಾರರಿಗೆ ಕಬ್ಬಿನ ಹುಚ್ಚು ಹಿಡಿಯಿತು. ಕಬ್ಬಿಗೆ ನೀರು ಸಾಲದು, ಕೋಡಿಯಲ್ಲಿ ಹರಿದುಹೋಗುವ ನೀರನ್ನೂ ತಡೆಯಬೇಕು. ಮರಳಿನ ಚೀಲ ಅಡ್ಡ ಇಟ್ಟರೆ ಹಟ್ಟಿಯವರು ಕಿತ್ತೊಗೆಯುತ್ತಾರೆ. ಅದಕ್ಕೇ ಕನಸು ಬಿತ್ತೆಂದು ಹೇಳಿ, ಬಾಜಾಬಜಂತ್ರಿ ತರಿಸಿ, ಕೋಡಿಯ ಬಾಯಿಗೆ ಅಡ್ಡವಾಗಿ ಕಲ್ಲಿನ ಜಗಲಿ ಕಟ್ಟಿಸಿ ಹನುಮಂತನನ್ನು ಕೂರಿಸಿಬಿಟ್ಟರು. ದೇವರನ್ನು ಅಲುಗಾಡಿಸುವವರು ಯಾರು? ಏರಿಗೆ ಹೆದರುತ್ತಿದ್ದ ಹಟ್ಟಿಯ ಜನವೇ ಸಾಲಾಗಿ ಹೋಗಿ ಕೈಮುಗಿದರು.

“ನಾನೂ ಕಾಯಿ ಒಡದೆ ಸಾಹೇಬ್ರ,” ಎಂದ ಮಾಳಪ್ಪ, ತನ್ನ ಮೇಲೆ ತಾನೇ ಸಿಟ್ಟಾಗಿ. “ಒಡದ ಮ್ಯಾಲ ತಿಳೀತು, ದೇವ್ರು ಎಲ್ಲಿ ಕುಂತಾನ ಅಂತ.”

ಆ ಮಳೆಗಾಲ ನಾಲ್ಕು ದಿನ ಬಿಡದೆ ಸುರಿಯಿತು. ನಾನು ಹೋಗಿ ನೋಡಿದಾಗ ನೀರು ಏರಿಯ ತಲೆಗೆ ಒಂದು ಗೇಣು ಬಾಕಿ. ನಡುಮಧ್ಯಾಹ್ನ. ಮಾಳಪ್ಪ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ಕೋಡಿಗೆ ಇಳಿದು ಕೈಮುಗಿದ.

“ಎಪ್ಪಾ, ತಪ್ಪ ತಿಳಕೋಬ್ಯಾಡ. ನೀರಿನ ದಾರ್‍ಯಾಗ ನಿನ್ನ ಕುಂದ್ರಿಸ್ಯಾರ. ಬಾ, ಬೇವಿನ ಗಿಡದ ಕೆಳಗ ಕೂಡು.”

ಕಂಬಳಿಯಲ್ಲಿ ಸುತ್ತಿ ದೇವರನ್ನು ಹೆಗಲಿಗೇರಿಸಿ ಒಯ್ದು ಗಿಡದ ಕೆಳಗಿಟ್ಟ. ಮರಳಿ ಬಂದು ಹಾರೆಯಿಂದ ಜಗಲಿಯ ಕಲ್ಲುಗಳನ್ನು ಒಂದೊಂದಾಗಿ ಮೀಟಿದ. ಅಣ್ಣತಮ್ಮಂದಿರು ದೂರ ನಿಂತು ನೋಡಿದರು. ನಾನೂ ನೋಡಿದೆ. ಒಬ್ಬರೂ ಕೈ ಹಚ್ಚಲಿಲ್ಲ. ನೀರು ಕೋಡಿಯಲ್ಲಿ ಭೋರೆಂದು ಹರಿಯಿತು, ಸಂಜೆಯ ಹೊತ್ತಿಗೆ ಕಟ್ಟೆಯ ನೀರು ಎರಡು ಮೊಳ ಇಳಿಯಿತು. ಏರಿ ಉಳಿಯಿತು.

ಉಳಿದದ್ದೇ ತಪ್ಪಾಯಿತು. “ಕಟ್ಟಿಗಿ ಏನಾಗಿತ್ತು? ಸುಮ್ಮನ ದೇವ್ರನ ಕಿತ್ತ,” ಎಂದರು ಸಾಹುಕಾರರು. ಯಾರ ಮನೆ ಉಳಿದಿತ್ತೋ ಅದೇ ಹಟ್ಟಿಯ ಜನ ಅದನ್ನೇ ಹಾಡಿದರು. ದೇವರನ್ನು ಕಿತ್ತವನ ಮಗಳು ಬೇಡವೆಂದು ಗಂಡಿನ ಕಡೆಯವರು ಮಾಳಪ್ಪನ ಮಗಳ ಮದುವೆಯ ನಿಶ್ಚಯ ಮುರಿದರು. ಹನುಮಂತ ಮತ್ತೆ ಕೋಡಿಗೆ ಬಂದ, ಈ ಸಲ ಸಿಮೆಂಟಿನಲ್ಲಿ.

ಮಾಳಪ್ಪ ನನ್ನ ಬಳಿ ಬಂದ. “ಒಂದ ಕಾಗದ ಬರದ ಕೊಡ್ರಿ. ಅವತ್ತ ಕೋಡಿ ತೆಗದಿದ್ದಕ್ಕ ಏರಿ ಉಳೀತು ಅಂತ. ನೀವು ಕಣ್ಣಾರೆ ನೋಡೀರಿ. ಬೀಗರಿಗೆ ತೋರಸ್ತೀನಿ.”

ಸಾಹೇಬರು ಕೇಳಿ ಸಿಡುಕಿದರು. ಹಾಗೆ ಬರೆದರೆ ಮೊದಲು ‘ಸುಸ್ಥಿತಿ’ ಎಂದು ಬರೆದದ್ದೇಕೆಂದು ಮೇಲಿನವರು ಕೇಳುವುದಿಲ್ಲವೇ? “ನಾಳಿ ಬಾ ಕಾಕಾ,” ಎಂದು ಮಾಳಪ್ಪನನ್ನು ಕಳಿಸಿದೆ.

ಮರುದಿನ ಬಂದ. ನಾನು ಬರಿಗಾಲಲ್ಲೇ ಎದ್ದು ಕಡತದ ಕೋಣೆಗೆ ಓಡಿ, ಇಲ್ಲವೆಂದು ಹೇಳಲು ಜವಾನನಿಗೆ ಸನ್ನೆ ಮಾಡಿದೆ. ಬಾಗಿಲ ಹಿಂದಿನಿಂದ ಅವನ ದನಿ ಕೇಳಿಸಿತು.

“ಸಾಹೇಬ್ರು ಒಳಗ ಅದಾರ ಬಿಡು. ಚಪ್ಪಲ ಮೇಜಿನ ಕೆಳಗ ಅದಾವ. ನನ್ನ ಕಾಗದ ಬ್ಯಾಡ ಅನ್ನು. ಕಟ್ಟಿ ಕೆಳಗ ಇನ್ನೂ ಮಂದಿ ಅದಾರ, ಒಮ್ಮಿ ಬಂದು ಕೋಡಿ ನೋಡ್ರಿ ಅನ್ನು.”

ಅದೇ ವಾರ ಅವನು ಮಗಳನ್ನೂ ಕುರಿಗಳನ್ನೂ ಕರೆದುಕೊಂಡು ಮಹಾರಾಷ್ಟ್ರದ ಕಡೆ ಹೋದನಂತೆ. ಮತ್ತೆ ಬರಲಿಲ್ಲ. ಅಂದು ಹೊರಗೆ ಬರಲು ನನಗೆ ಎರಡು ಹೆಜ್ಜೆ ಸಾಕಿತ್ತು. ಅವನು ಮೆಟ್ಟಿಲಿಳಿದು ಹೋಗುವವರೆಗೆ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.